ಬಂಗಾರಂ ಕಡಲತೀರದ ಡೇರೆಯಲ್ಲಿ ಎರಡು ರಾತ್ರಿ

ವ್ಯಾಪಾರಸ್ಥನಾದವನು ವರ್ಷಕ್ಕೊಮ್ಮೆಯಾದರೂ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬೇರೊಂದು ಊರಿನ ಗಾಳಿಯನ್ನು ಸೇವಿಸಬೇಕೆಂದು ಹಿರಿಯರು ಹೇಳುವುದುಂಟು. ಅಂತಹ ಒಂದು ಅಪೇಕ್ಷೆಯಿಂದ ನಾವು ನಾಲ್ವರು ಮಿತ್ರರು 2025ರ ಫೆಬ್ರವರಿ ತಿಂಗಳ ಒಂದು ವಾರಾಂತ್ಯವನ್ನು ಲಕ್ಷದ್ವೀಪದ ಬಂಗಾರಂ ದ್ವೀಪದಲ್ಲಿ, ಕಡಲ ದಂಡೆಯ ಡೇರೆಗಳಲ್ಲಿ ಕಳೆದು ಬಂದೆವು. ಒಬ್ಬರು ಮಂಗಳೂರಿನ ಹೋಟೆಲ್ ಉದ್ಯಮಿ. ಒಬ್ಬರು ಬಂದರಿನ ದಿನಸಿ ಸಗಟು ವ್ಯಾಪಾರಿ. ಮತ್ತೊಬ್ಬರು ಸಿಮೆಂಟು, ಜಲ್ಲಿ ಮೊದಲಾದ ಕಟ್ಟಡ ಸಾಮಗ್ರಿಗಳನ್ನು ಪೂರೈಸುವವರು. ಲೆಕ್ಕಪರಿಶೋಧನೆ ನನ್ನ ವೃತ್ತಿ. ವಿಶ್ರಾಂತಿಗೆಂದು ಹೊರಟ ಪ್ರವಾಸವಾದರೂ ಹೋಟೆಲ್ ಉದ್ಯಮಿ ಮಿತ್ರರ ಕೈಚೀಲದಲ್ಲಿ ಒಂದು ಯೋಜನಾ ವರದಿಯಿತ್ತು. ದ್ವೀಪದಲ್ಲಿ ನಲವತ್ತು ಡೇರೆಗಳ ವಸತಿ ಶಿಬಿರವೊಂದನ್ನು ನಡೆಸುವ ಅವಕಾಶ ದೊರೆತರೆ ತಮ್ಮ ಉಳಿತಾಯದ ಬಹುಭಾಗವನ್ನು ಅದರಲ್ಲಿ ತೊಡಗಿಸಬೇಕೆಂಬುದು ಅವರ ಸಂಕಲ್ಪ. ಆ ವರದಿಗೆ ಎರಡು ರಾತ್ರಿಗಳಲ್ಲಿ ಏನಾಯಿತೆಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹತ್ತಿರದ ದ್ವೀಪಕ್ಕೆ ದೂರದ ದಾರಿ

ಲಕ್ಷದ್ವೀಪವನ್ನು ಪ್ರವೇಶಿಸಲು ಹೊರಗಿನವರು ಮುಂಚಿತವಾಗಿ ಆಡಳಿತದ ಅನುಮತಿ ಪತ್ರ ಪಡೆಯಬೇಕು. ಅದನ್ನು ಪಡೆದು ಗುರುವಾರ ರಾತ್ರಿಯ ರೈಲಿನಲ್ಲಿ ಮಂಗಳೂರಿನಿಂದ ಕೊಚ್ಚಿಗೆ ಹೊರಟೆವು. ಶುಕ್ರವಾರ ಬೆಳಿಗ್ಗೆ ಅಲ್ಲಿಂದ ಸಣ್ಣ ವಿಮಾನದಲ್ಲಿ ಅಗತ್ತಿ ದ್ವೀಪವನ್ನು ತಲುಪಿ, ದೋಣಿಯೇರಿ ಬಂಗಾರಂ ಸೇರಿದೆವು. ನಕ್ಷೆಯ ಮೇಲೆ ಅಳೆದು ನೋಡಿದರೆ ಈ ದಾರಿಯ ವಿಚಿತ್ರ ಗೋಚರಿಸುತ್ತದೆ. ನೇರ ರೇಖೆಯಲ್ಲಿ ಕೊಚ್ಚಿಯಿಂದ ಅಗತ್ತಿಗೆ ಸುಮಾರು 460 ಕಿ.ಮೀ. ಇದ್ದರೆ ಮಂಗಳೂರಿನಿಂದ ಸುಮಾರು 365 ಕಿ.ಮೀ. ಮಾತ್ರ. ಕದಮತ್ ದ್ವೀಪವಂತೂ ನಮಗೆ 300 ಕಿ.ಮೀ.ಗಿಂತ ಕಡಿಮೆ ದೂರದಲ್ಲಿದೆ. ಹತ್ತಿರದಲ್ಲಿರುವ ನಾವು ದಕ್ಷಿಣಕ್ಕೆ ರಾತ್ರಿಯಿಡೀ ಪ್ರಯಾಣಿಸಿ ಅಲ್ಲಿಂದ ಪಶ್ಚಿಮಕ್ಕೆ ಹಾರಬೇಕಾಯಿತು.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ ದ್ವೀಪಗಳನ್ನೊಳಗೊಂಡ ಅಮಿನ್‌ದಿವಿ ಸಮೂಹವು ಟಿಪ್ಪು ಸುಲ್ತಾನನ ಅಧೀನದಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಅದರ ಆಡಳಿತ ನಡೆದದ್ದು ಮಂಗಳೂರಿನಿಂದ. ದ್ವೀಪವಾಸಿಗಳ ತೆಂಗಿನ ನಾರಿನ ಹುರಿಯ ಮೇಲೆ ಸರಕಾರದ ಏಕಸ್ವಾಮ್ಯವಿದ್ದು, ಅವರು ಹುರಿಯನ್ನೊಪ್ಪಿಸಿ ಪ್ರತಿಯಾಗಿ ಅಕ್ಕಿಯನ್ನು ಪಡೆಯಬೇಕಾಗಿತ್ತು. ದರವನ್ನು ನಿಗದಿ ಮಾಡುತ್ತಿದ್ದವರು ಕೊಳ್ಳುವವರೇ ಆದುದರಿಂದ ಆ ವ್ಯವಹಾರ ನ್ಯಾಯದ್ದೆಂದು ಹೇಳಲಾಗದು. 1956ರ ನವೆಂಬರ್ 1ರಂದು ದ್ವೀಪಗಳೆಲ್ಲವೂ ಒಂದು ಕೇಂದ್ರಾಡಳಿತ ಪ್ರದೇಶವಾದವು. ಆಡಳಿತ ಕೇಂದ್ರವು ಮೊದಲು ಕೋಝಿಕೋಡಿನಲ್ಲಿದ್ದು 1964ರಲ್ಲಿ ಕವರತ್ತಿಗೆ ಸ್ಥಳಾಂತರಗೊಂಡಿತು. ಪ್ರಯಾಣಿಕರ ಸಂಪರ್ಕವು ಕೊಚ್ಚಿಯತ್ತ ಹೊರಳಿತು. ಮಂಗಳೂರಿನ ಹಳೆಯ ಬಂದರಿನಲ್ಲಿ ಉಳಿದುಕೊಂಡದ್ದು ಮುಖ್ಯವಾಗಿ ಮಂಜಿಗಳ ಸರಕು ಸಾಗಾಟ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿಗಳನ್ನು ಹೊತ್ತು ಹೋಗುವ ಈ ನಾವೆಗಳು ಕೊಬ್ಬರಿ ಮತ್ತು ಒಣಮೀನುಗಳೊಂದಿಗೆ ಮರಳುವ ಕ್ರಮ ಬಹಳ ಹಳೆಯದು. ಮಳೆಗಾಲದ ನಾಲ್ಕು ತಿಂಗಳು ಅದಕ್ಕೂ ವಿರಾಮ.

ಒಂದು ಟ್ಯಾಂಕಿ ನೀರು

ಬಂಗಾರಂ ಸ್ಥಿರ ಜನವಸತಿಯಿಲ್ಲದ ಪುಟ್ಟ ದ್ವೀಪ. ಸುತ್ತಲೂ ಹವಳದ ಏರಿ. ಏರಿಯೊಳಗೆ ಆಳವಿಲ್ಲದ, ಹಸಿರು ಮಿಶ್ರಿತ ನೀಲಿಯ ಲಗೂನ್. ಒಳಗೆ ತೆಂಗಿನ ತೋಪು. ತಿನ್ನಕರ ಮತ್ತು ಪರಳಿ ದ್ವೀಪಗಳೂ ಇದೇ ಲಗೂನಿನಲ್ಲಿವೆ. ನಮ್ಮ ಡೇರೆಗಳು ಅಲೆಯ ಗೆರೆಯಿಂದ ಹೆಚ್ಚೆಂದರೆ ಮೂವತ್ತು ಹೆಜ್ಜೆ ದೂರದಲ್ಲಿದ್ದವು. ಮಧ್ಯಾಹ್ನದ ಬಿಸಿಲಿನಲ್ಲಿಯೇ ನೀರಿಗಿಳಿದ ನಾವು ಮೇಲೆ ಬಂದದ್ದು ಸೂರ್ಯ ಮುಳುಗಿದ ನಂತರ. ಅನಂತರ ನಾಲ್ವರೂ ಒಬ್ಬರಾದ ಮೇಲೊಬ್ಬರಂತೆ ಊರಿನಲ್ಲಿ ಮಾಡುವಂತೆಯೇ ಧಾರಾಳವಾಗಿ ಸ್ನಾನ ಮಾಡಿದೆವು. ಉಪ್ಪು ಮೆತ್ತಿದ ಬಟ್ಟೆಗಳನ್ನೂ ಜಾಲಾಡಿದೆವು. ರಾತ್ರಿ ಎಂಟು ಗಂಟೆಗೆ ನಲ್ಲಿಯಲ್ಲಿ ನೀರು ನಿಂತಿತು.

ಶಿಬಿರದ ಅಡುಗೆಯವರು ಅಗತ್ತಿಯ ಹಿರಿಯರು. ದಿನಸಿ ವ್ಯಾಪಾರಿ ಮಿತ್ರರು ಬ್ಯಾರಿ ಭಾಷಿಕರಾದುದರಿಂದ, ಮಲಯಾಳದ ಒಂದು ಬಗೆಯಾದ ದ್ವೀಪದ ಜಸರಿ ಮಾತು ಅವರಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. “ಕಾಕಾ, ಪಂಪ್ ಹಾಕಿದರೆ ಆಗದೇ?” ಎಂದು ಅವರು ಕೇಳಿದರು. ಹಿರಿಯರು ಬೇಸರಿಸದೆ ನಮ್ಮನ್ನು ಬಾವಿಯ ಬಳಿಗೆ ಕರೆದೊಯ್ದು ಟಾರ್ಚ್ ಹಿಡಿದರು. ಆಳವಿಲ್ಲದ ಬಾವಿ, ತಳದಲ್ಲಿ ಸ್ವಲ್ಪ ನೀರು. “ಪಂಪ್ ಹಾಕಿದರೆ ನೀರೇನೋ ಬರುತ್ತದೆ. ಆದರೆ ನಾಳೆ ಉಪ್ಪಾಗಿ ಬರುತ್ತದೆ. ಉಪ್ಪಾದ ಬಾವಿ ಸಿಹಿಯಾಗಲು ಇನ್ನೊಂದು ಮಳೆಗಾಲ ಬೇಕು” ಎಂದು ಅವರು ಹೇಳಿದುದನ್ನು ಮಿತ್ರರು ನಮಗೆ ಕನ್ನಡದಲ್ಲಿ ತಿಳಿಸಿದರು. ಆ ರಾತ್ರಿ ಪ್ರತಿಯೊಬ್ಬರಿಗೂ ದೊರೆತದ್ದು ಒಂದು ಕೊಡ ನೀರು. ಕುಡಿಯುವ ನೀರಿನ ಕ್ಯಾನುಗಳು ಮರುದಿನ ಬೆಳಿಗ್ಗೆ ದೋಣಿಯಲ್ಲಿ ಬರಬೇಕಾಗಿತ್ತು. ಗಾಳಿ ಜೋರಾಗಿದ್ದುದರಿಂದ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಅದುವರೆಗೆ ಎಳನೀರು ನಮ್ಮನ್ನು ಕಾಪಾಡಿತು.

ಹಿರಿಯರ ಮಾತಿನ ಹಿಂದೆ ಸರಳವಾದ ವಿಜ್ಞಾನವಿದೆ. ಹವಳದ ದ್ವೀಪಗಳಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಸ್ವಲ್ಪವೇ ಹಗುರವಾದುದರಿಂದ, ಸಿದ್ಧಾಂತದ ಪ್ರಕಾರ ಸಿಹಿನೀರಿನ ಮಟ್ಟವು ಒಂದು ಅಂಗುಲ ತಗ್ಗಿದರೆ ಕೆಳಗಿನ ಉಪ್ಪುನೀರು ಸುಮಾರು ನಲವತ್ತು ಅಂಗುಲ ಮೇಲೇರುತ್ತದೆ. ಅವಸರದಿಂದ ಎತ್ತಿದಷ್ಟೂ ಬಾವಿ ಬೇಗನೆ ಕೆಡುತ್ತದೆ. ಈ ಕೊರತೆಯನ್ನು ನೀಗಿಸಲೆಂದೇ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಸಮುದ್ರನೀರು ಶುದ್ಧೀಕರಣ ಘಟಕವನ್ನು ಸ್ಥಾಪಿಸಿತು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗಳಲ್ಲಿಯೂ ಇಂತಹ ಘಟಕಗಳು ಆರಂಭವಾದವು. ಮೇಲ್ಮೈಯ ಬೆಚ್ಚಗಿನ ನೀರಿಗೂ ಆಳದ ತಣ್ಣನೆಯ ನೀರಿಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು ಬಳಸಿಕೊಳ್ಳುವ ಈ ವಿಧಾನ ಶ್ಲಾಘನೀಯವಾದುದು. ಆದರೆ ಅದು ಸ್ಥಳೀಯ ಜನರ ನೀರು. ಶಿಬಿರಗಳ ಸ್ನಾನದ ಕೋಣೆಗೆಂದು ಹರಿಸತಕ್ಕದ್ದಲ್ಲ.

ಲಗೂನ್ ಎಂಬ ಉಗ್ರಾಣ

ಶನಿವಾರ ದೋಣಿಯಲ್ಲಿ ಲಗೂನನ್ನು ಸುತ್ತಿದೆವು. ಕನ್ನಡಕ ಧರಿಸಿ ನೀರಿನೊಳಗೆ ಮುಖವಿಟ್ಟರೆ ಕೆಲವೆಡೆ ಬಣ್ಣಬಣ್ಣದ ಮೀನುಗಳ ಹಿಂಡು, ಜೀವಂತ ಹವಳ; ಇನ್ನು ಕೆಲವೆಡೆ ಬೂದುಬಣ್ಣದ ಮುರುಕಲು ರಾಶಿ. ಸಮುದ್ರ ಬಿಸಿಯೇರಿದಾಗ ಹವಳ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿಯೂ, ಮತ್ತೆ 2024ರಲ್ಲಿಯೂ ಇದು ಸಂಭವಿಸಿತು. ಅಗತ್ತಿ, ಕದಮತ್ ಮತ್ತು ಕವರತ್ತಿಗಳಲ್ಲಿ 1998ರಿಂದ 24 ವರ್ಷ ನಡೆದ ಅಧ್ಯಯನದ ಪ್ರಕಾರ ಜೀವಂತ ಹವಳದ ಆವರಣವು ಸುಮಾರು ಶೇಕಡ 37ರಿಂದ ಶೇಕಡ 19ರ ಆಸುಪಾಸಿಗೆ ಇಳಿದಿದೆ.

ಇದು ಕೇವಲ ಪ್ರಕೃತಿಪ್ರಿಯರ ಕಳವಳವೆಂದು ವ್ಯಾಪಾರಿಗಳು ಭಾವಿಸಬಾರದು. ದ್ವೀಪಗಳ ಮುಖ್ಯ ಉದ್ಯಮ ಟ್ಯೂನಾ ಮೀನುಗಾರಿಕೆ. ಅಲ್ಲಿನವರು ಬಲೆ ಬೀಸುವುದಕ್ಕಿಂತ ಹೆಚ್ಚಾಗಿ ಗಳುವಿಗೆ ಕೊಕ್ಕೆ ಕಟ್ಟಿ, ಒಂದೊಂದೇ ಮೀನನ್ನು ಎತ್ತುತ್ತಾರೆ. ಟ್ಯೂನಾ ಹಿಂಡನ್ನು ದೋಣಿಯ ಬಳಿಗೆ ಸೆಳೆಯಲು ಜೀವಂತ ಸಣ್ಣಮೀನುಗಳನ್ನು ನೀರಿಗೆ ಎರಚಬೇಕು. ಆ ಸಣ್ಣಮೀನುಗಳು ದೊರೆಯುವುದು ಲಗೂನಿನಲ್ಲಿ, ಅವುಗಳಲ್ಲಿ ಹಲವಕ್ಕೆ ಹವಳವೇ ಆಶ್ರಯ. ಹವಳ ಸತ್ತರೆ ಸಣ್ಣಮೀನಿಲ್ಲ. ಸಣ್ಣಮೀನಿಲ್ಲದಿದ್ದರೆ ಟ್ಯೂನಾ ಇಲ್ಲ. ಟ್ಯೂನಾ ಇಲ್ಲದಿದ್ದರೆ ಅದನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ಮಾಡುವ ‘ಮಾಸ್’ ಎಂಬ ಸರಕೂ ಇಲ್ಲ. ಕೊಳ್ಳುವ ಶಕ್ತಿ ಕುಂದಿದ ದ್ವೀಪಕ್ಕೆ ನಮ್ಮ ಬಂದರಿನಿಂದ ಅಕ್ಕಿಯಾಗಲಿ ಸಿಮೆಂಟಾಗಲಿ ಹೋಗುವುದು ಕಷ್ಟ. ಲಂಗರು ಬಿದ್ದು ಹವಳ ಮುರಿದರೆ, ಕೊಳೆನೀರು ಲಗೂನಿಗೆ ಹರಿದರೆ ನಷ್ಟದ ಒಂದು ಪಾಲು ಮಂಗಳೂರಿನ ಧಕ್ಕೆಗೂ ತಲುಪುತ್ತದೆ.

ಹವಳದ ಏರಿ ದ್ವೀಪದ ಕೋಟೆಗೋಡೆಯೂ ಹೌದು. ಇದೇ ಲಗೂನಿನ ಪರಳಿ-1 ಎಂಬ ಕಿರುದ್ವೀಪವು ಕೊರೆತಕ್ಕೆ ಸಿಲುಕಿ ಸಂಪೂರ್ಣವಾಗಿ ಅಳಿದುಹೋದುದು 2017ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಬೆಳಕಿಗೆ ಬಂತು. ದೋಣಿಯವನು ಆ ದಿಕ್ಕಿಗೆ ಕೈ ತೋರಿಸಿದಾಗ ನಮಗೆ ಕಂಡದ್ದು ನೀರು ಮಾತ್ರ. ನಮ್ಮ ಹೋಟೆಲ್ ಮಿತ್ರರು ಬಹಳ ಹೊತ್ತು ಅತ್ತಲೇ ನೋಡುತ್ತಿದ್ದರು.

ಲಾಟೀನಿನ ಬೆಳಕಿನಲ್ಲಿ ಲೆಕ್ಕ

ಆ ರಾತ್ರಿ ಊಟವಾದ ಮೇಲೆ ಮರಳಿನ ಮೇಲೆ ಚಾಪೆ ಹಾಸಿ ಕುಳಿತೆವು. ಅಲೆಯ ಅಂಚಿನಲ್ಲಿ ಸೂಕ್ಷ್ಮಜೀವಿಗಳ ನೀಲಿ ಬೆಳಕು ಆಗಾಗ ಮಿನುಗುತ್ತಿತ್ತು. ಮಿತ್ರರು ತಾವಾಗಿಯೇ ಯೋಜನಾ ವರದಿಯನ್ನು ತೆಗೆದು ನನ್ನ ಕೈಗಿತ್ತು, “ನೀರಿನ ಬಾಬತ್ತು ಒಮ್ಮೆ ನೋಡಿ ಮಾರಾಯ್ರೆ” ಎಂದರು. ವರದಿಯಲ್ಲಿ ಹಾಸಿಗೆ, ಹವಾನಿಯಂತ್ರಣ, ಜಾಹೀರಾತು ಎಲ್ಲಕ್ಕೂ ಪ್ರತ್ಯೇಕ ಶೀರ್ಷಿಕೆಗಳಿದ್ದವು. ನೀರು ‘ಇತರೆ ವೆಚ್ಚ’ದಲ್ಲಿ ಅಡಗಿತ್ತು.

ನಲವತ್ತು ಡೇರೆಗಳೆಂದರೆ ಎಂಬತ್ತು ಅತಿಥಿಗಳು, ನಲವತ್ತು ನೌಕರರು. ತಲಾ 150 ಲೀಟರಿನಂತೆ ದಿನಕ್ಕೆ 18,000 ಲೀಟರ್. ದ್ವೀಪಗಳಲ್ಲಿ ವರ್ಷಕ್ಕೆ ಸುಮಾರು 1,500 ಮಿ.ಮೀ. ಮಳೆಯೆಂದು ಹಿಡಿದರೆ, ನೂರು ಚದರ ಮೀಟರ್ ಛಾವಣಿಯಿಂದ ಸೋರಿಕೆ ಕಳೆದು ದೊರೆಯುವುದು 1,20,000 ಲೀಟರ್. ಅದು ಈ ಶಿಬಿರಕ್ಕೆ ಏಳು ದಿನಕ್ಕೂ ಸಾಲದು. ಅಕ್ಟೋಬರಿನಿಂದ ಮೇ ಮಧ್ಯದವರೆಗಿನ 225 ದಿನಗಳಿಗೆ ಅಂತಹ 34 ಛಾವಣಿಗಳು ಬೇಕು. ಪುಟ್ಟ ದ್ವೀಪದಲ್ಲಿ ಅದು ಆಗದ ಮಾತು. ಅನಂತರ ಹನ್ನೆರಡು ಡೇರೆಗಳಿಗೆ ಲೆಕ್ಕ ಹಾಕಿದೆವು. ಇಪ್ಪತ್ತನಾಲ್ಕು ಅತಿಥಿಗಳು, ಎಂಟು ನೌಕರರು, ತಲಾ 60 ಲೀಟರ್. ದಿನಕ್ಕೆ 1,920 ಲೀಟರ್. ಇದಕ್ಕೆ ನಾಲ್ಕು ಛಾವಣಿಗಳು ಮತ್ತು ಮಳೆನೀರನ್ನು ಕೂಡಿಡುವ ದೊಡ್ಡ ತೊಟ್ಟಿ ಇದ್ದರೆ ಬಾವಿಯನ್ನು ಮುಟ್ಟದೆಯೇ ಋತುವನ್ನು ಕಳೆಯಬಹುದು. ತೊಟ್ಟಿಯ ವೆಚ್ಚ ಕಡಿಮೆಯದಲ್ಲ. ಡೇರೆಯೊಂದರ ಬಾಡಿಗೆಯನ್ನು ಏರಿಸಲೇಬೇಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ವ್ಯಾಪಾರದಲ್ಲಿ ಲಾಭವನ್ನು ಉಣ್ಣಬಹುದು, ಅಸಲನ್ನು ಉಣ್ಣಬಾರದು. ದ್ವೀಪದ ಅಸಲು ಎಂದರೆ ಆ ತೆಳುವಾದ ಸಿಹಿನೀರಿನ ಪದರ ಮತ್ತು ಹವಳದ ಏರಿ. ಅವೆರಡನ್ನೂ ಸವೆಸಿ ಗಳಿಸಿದ ಹಣವನ್ನು ಆದಾಯವೆಂದು ಖಾತೆಗೆ ಬರೆದುಕೊಂಡರೆ ಅದು ತಪ್ಪು ಲೆಕ್ಕ.

ಸದಸ್ಯರ ಪರಿಶೀಲನೆಗೆ

2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಭೇಟಿ ನೀಡಿದ ತರುವಾಯ ಅಲ್ಲಿನ ಪ್ರವಾಸೋದ್ಯಮದ ಬಗ್ಗೆ ದೇಶದಾದ್ಯಂತ ಆಸಕ್ತಿ ಹೆಚ್ಚಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ದ್ವೀಪದ ವೇಗದ ಹಡಗೊಂದು ಪ್ರಯಾಣಿಕರನ್ನು ಹೊತ್ತು ಮಂಗಳೂರಿನ ಹಳೆಯ ಬಂದರಿಗೆ ಬಂದಿತ್ತು. ನಮ್ಮ ಸಾಹಸಿಗಳಿಗೆ ಇಲ್ಲಿ ಅವಕಾಶವಿರುವುದು ನಿಜ. ಆದರೆ ಅದು ದ್ವೀಪದ ಮೇಲೆ ಕಟ್ಟಡಗಳನ್ನೂ ಡೇರೆಗಳನ್ನೂ ತುಂಬುವುದರಲ್ಲಿಲ್ಲ; ದ್ವೀಪಕ್ಕೂ ನಮಗೂ ನಡುವಿನ ಸಾಗಾಟದಲ್ಲಿದೆ. ಅಳಿವೆ ಬಾಗಿಲಿನ ಹೂಳನ್ನು ಕಾಲಕಾಲಕ್ಕೆ ತೆಗೆಯುವುದು, ಋತುವಿನ ದಿನಗಳಲ್ಲಿ ನಿಗದಿತ ವೇಳೆಯ ಪ್ರಯಾಣಿಕ ಹಡಗು, ಮಾಸ್ ಮತ್ತು ಕೊಬ್ಬರಿಗೆ ನ್ಯಾಯವಾದ ಬೆಲೆ, ಹೋದ ಪ್ಲಾಸ್ಟಿಕ್ ಮತ್ತು ಬ್ಯಾಟರಿಗಳನ್ನು ಮರಳುವ ಮಂಜಿಗಳಲ್ಲಿಯೇ ಹಿಂದಕ್ಕೆ ತರುವ ವ್ಯವಸ್ಥೆ, ಇವು ನಾವು ಕೈಗೆತ್ತಿಕೊಳ್ಳಬಹುದಾದ ಕಾರ್ಯಗಳು. ಅಲ್ಲಿ ನಡೆಯುವ ಶಿಬಿರಗಳು ಸಣ್ಣದಾಗಿರಲಿ. ಅವುಗಳಲ್ಲಿ ದ್ವೀಪವಾಸಿಗಳೇ ಪಾಲುದಾರರಾಗಿರಲಿ. ದರವನ್ನು ಒಬ್ಬರೇ ನಿಗದಿ ಮಾಡಿದ ಹಳೆಯ ವ್ಯವಹಾರ ಮತ್ತೊಮ್ಮೆ ಬೇಡ.

ಭಾನುವಾರ ಬೆಳಿಗ್ಗೆ ಡೇರೆ ಬಿಡುವಾಗ ನಾಲ್ವರೂ ಅರ್ಧ ಕೊಡ ನೀರಿನಲ್ಲಿ ಸ್ನಾನ ಮುಗಿಸಿದ್ದೆವು. ಕಸದ ಚೀಲವನ್ನು ನಮ್ಮೊಡನೆಯೇ ಒಯ್ದೆವು. ಅಡುಗೆಯ ಹಿರಿಯರು ದೋಣಿಯವರೆಗೆ ಬಂದು, ಮುಂದಿನ ಬಾರಿ ಮನೆಯವರನ್ನೂ ಕರೆತನ್ನಿರೆಂದು ಹೇಳಿ ಬೀಳ್ಕೊಟ್ಟರು. ಹೋಟೆಲ್ ಮಿತ್ರರು ಊರಿಗೆ ಮರಳಿದ ಮೇಲೆ ಯೋಜನಾ ವರದಿಯನ್ನು ಹೊಸದಾಗಿ ಬರೆಸಿದ್ದಾರೆ. ಅದರಲ್ಲಿ ಡೇರೆಗಳ ಸಂಖ್ಯೆ ಹನ್ನೆರಡು; ಅಗತ್ತಿಯವರ ಪಾಲು ಅರ್ಧ; ಮತ್ತು ವೆಚ್ಚದ ಪಟ್ಟಿಯ ಮೊದಲ ಸಾಲಿನಲ್ಲಿರುವುದು ನೀರು.