ಕಯೋಟಿಗೆ ಎಂಥ ಗುಂಡು?

ಅಮೆರಿಕದ ವಯೋಮಿಂಗ್, ಮೊಂಟಾನಾ ಕಡೆಯ ಬಯಲುಗಳಲ್ಲಿ ಕುರಿ ಸಾಕುವವರಿಗೆ ಕಯೋಟಿ ಎಂದರೆ ಮರಿ ಕದಿಯುವ ಕಳ್ಳ. ಗಾತ್ರದಲ್ಲಿ ಅದು ನಮ್ಮ ನರಿಗೂ ತೋಳಕ್ಕೂ ನಡುವಿನದು. ಚಳಿಗಾಲದ ತುಪ್ಪಳದಲ್ಲಿ ಭಾರಿಯಾಗಿ ಕಂಡರೂ ತಕ್ಕಡಿಗೆ ಹಾಕಿದರೆ ಸಾಮಾನ್ಯವಾಗಿ 10ರಿಂದ 15 ಕಿಲೋ, ನಮ್ಮ ಬೀದಿನಾಯಿಯಷ್ಟೇ. ಹೃದಯ, ಶ್ವಾಸಕೋಶಗಳಿರುವ ಜಾಗ ಒಂದು ಅಂಗೈಯಗಲ. ಅದು ನಿಂತಿರುವುದು ಮರೆಯಿಲ್ಲದ, ಗಾಳಿ ನಿಲ್ಲದ ಬಯಲಿನಲ್ಲಿ, 200 ಗಜ ಆಚೆ. ಇಂಥ ಗುರಿಗೆ ಯಾವ ಕೋವಿ, ಯಾವ ತೋಟಾ ಎಂದು ಕೇಳಿದರೆ ಬಹಳ ಮಂದಿ ಗುಂಡಿನ ಬಲದಿಂದ ಮಾತು ಶುರುಮಾಡುತ್ತಾರೆ. ಗುಂಡು ಗಾಳಿಯಲ್ಲಿ ಕಳೆಯುವ ಸಮಯದಿಂದ ಶುರುಮಾಡುವುದು ಸರಿ.

ನಳಿಗೆ ಬಿಟ್ಟ ಗಳಿಗೆಯಿಂದ ಗುಂಡು ಕೆಳಗೆ ಬೀಳುತ್ತಲೇ ಇರುತ್ತದೆ, ಹೆಚ್ಚುಕಡಿಮೆ ಕೊಂಬೆಯಿಂದ ಕಳಚಿದ ಮಾವಿನಕಾಯಿಯ ಹಾಗೆಯೇ. ಎಷ್ಟು ಬೇಗ ಗುರಿ ಮುಟ್ಟಿದರೆ ಅಷ್ಟು ಕಡಿಮೆ ಬೀಳುತ್ತದೆ. ಕಯೋಟಿ ಬೇಟೆಯಲ್ಲಿ ಹೆಚ್ಚು ಬಳಕೆಯಲ್ಲಿರುವ .223 ರೆಮಿಂಗ್ಟನ್ ತೋಟಾ 1964ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಅದರ ಸಾಮಾನ್ಯ ಗುಂಡಿನ ತೂಕ 55 ಗ್ರೇನ್, ಅಂದರೆ ಸುಮಾರು ಮೂರೂವರೆ ಗ್ರಾಂ. ಗ್ರೇನ್ ಕೂಡ ನಮ್ಮ ಅಕ್ಕಸಾಲಿಗರ ಗುಲಗಂಜಿಯಂತೆ ಕಾಳಿನಿಂದ ಹುಟ್ಟಿದ ಅಳತೆ. 55 ಗ್ರೇನ್ ಎಂದರೆ ಸುಮಾರು 30 ಗುಲಗಂಜಿಯ ತೂಕ. ಈ ಪುಟ್ಟ ಗುಂಡು ಸೆಕೆಂಡಿಗೆ ಸುಮಾರು 988 ಮೀಟರ್ ವೇಗದಲ್ಲಿ ಹೊರಬಿದ್ದು 200 ಗಜವನ್ನು 0.22 ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಅದು ಇಳಿಯುವುದು ಒಂದು ಗೇಣಿನಷ್ಟು. ಜಿಂಕೆ ಬೇಟೆಯ ಹಳೆಯ .30-30 ತೋಟಾದ ಭಾರದ ಗುಂಡು ಅದೇ ದೂರಕ್ಕೆ ಹತ್ತಿರ ಹತ್ತಿರ ಎರಡು ಗೇಣು ಇಳಿದುಬಿಡುತ್ತದೆ. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಅಂಗೈಯಗಲದ ಗುರಿ ಕೈತಪ್ಪಬಾರದೆಂದರೆ ಹಗುರವಾದ, ವೇಗದ ಗುಂಡೇ ಬೇಕು.

ಗಾಳಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂದು ತಿಳಿಯಲು ಗುಂಡು ‘ತಡವಾದ’ ಹೊತ್ತನ್ನು ನೋಡಬೇಕು. ಗಾಳಿಯೇ ಇಲ್ಲದ ನಿರ್ವಾತದಲ್ಲಿ ಮೇಲಿನ ಗುಂಡು 200 ಗಜಕ್ಕೆ 0.185 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ನಿಜದಲ್ಲಿ 0.22 ಬೇಕಾಯಿತು. ತಡ 0.035 ಸೆಕೆಂಡ್. ಈ ತಡವನ್ನು ಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಸರಿದ ದೂರ ಸಿಗುತ್ತದೆ. ಗಂಟೆಗೆ 16 ಕಿ.ಮೀ. ಗಾಳಿಗೆ ಸುಮಾರು 15 ಸೆಂ.ಮೀ. 300 ಗಜಕ್ಕೆ ಅದು ಒಂದು ಅಡಿ ಮೀರುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ, ಪ್ರಾಣಿ ಗಾಯದೊಂದಿಗೆ ಓಡಿ ನರಳಿ ಸಾಯುತ್ತದೆ. ಇದಕ್ಕಿಂತ ಕೆಟ್ಟ ಬೇಟೆ ಇಲ್ಲ.

ವೇಗ ಹೆಚ್ಚಿಸಿದರೆ ಸರಿಹೋದೀತೇ? .22-250 ತೋಟಾದಲ್ಲಿ ಮದ್ದು ಬಹಳ ಹೆಚ್ಚು. ಅದೇ 55 ಗ್ರೇನ್ ಗುಂಡನ್ನು ಸೆಕೆಂಡಿಗೆ 1,120 ಮೀಟರ್ ವೇಗದಲ್ಲಿ ಚಿಮ್ಮಿಸುತ್ತದೆ. 200 ಗಜದಲ್ಲಿ ಗಾಳಿಯ ವಿರುದ್ಧ ಗಿಟ್ಟುವುದು ಎರಡು-ಮೂರು ಸೆಂಟಿಮೀಟರ್ ಮಾತ್ರ, ನಳಿಗೆಯೋ ಬೇಗ ಸವೆಯುತ್ತದೆ. ಹೆಚ್ಚಿನವರಿಗೆ ಇದು ಲಾಭದ ವ್ಯಾಪಾರವಲ್ಲ ಎಂದೇ ನನ್ನ ಅಭಿಪ್ರಾಯ. ಗಾಳಿಯನ್ನು ಸೀಳಲು ಉದ್ದನೆಯ, ನೀಳ ಮೂತಿಯ ಗುಂಡು ಹೆಚ್ಚು ಸಹಾಯಕ.

ಉದ್ದದ ಗುಂಡು ಬಂದೊಡನೆ ನಳಿಗೆಯ ಒಳಗನ್ನು ನೋಡಬೇಕಾಗುತ್ತದೆ. ಮಲೆನಾಡು, ಕೊಡಗಿನ ಮನೆಗಳಲ್ಲಿ ಕಾಣುವ ಜೋಡಿನಳಿಗೆ ಕೋವಿಯ ಒಳಗೋಡೆ ನುಣುಪು. ರೈಫಲ್ಲಿನ ಒಳಗೆ ಸುರುಳಿಯಾಕಾರದ ತೋಡುಗಳಿರುತ್ತವೆ; ಅವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. 12 ಇಂಚಿಗೆ ಒಂದು ಸುತ್ತು ಬರುವ ನಳಿಗೆಯಿಂದ ಹೊರಟ .223 ಗುಂಡು ನಿಮಿಷಕ್ಕೆ ಸುಮಾರು 1,94,000 ಸುತ್ತಿನ ಲೆಕ್ಕದಲ್ಲಿ ತಿರುಗುತ್ತದೆ. ತಿರುಗುವುದು ಸಾಲದಿದ್ದರೆ ಗುಂಡು ತೂರಾಡಿ ಅಡ್ಡ ಬೀಳುತ್ತದೆ. ಗುಂಡು ಉದ್ದವಾದಷ್ಟೂ ಸುರುಳಿ ಬಿಗಿಯಾಗಬೇಕೆಂಬುದಕ್ಕೆ ಬ್ರಿಟನ್ನಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲೇ ಸೂತ್ರ ಕೊಟ್ಟಿದ್ದರು. ಅಮೆರಿಕದ ಎಂ-16 ರೈಫಲ್ಲಿನ ಮೊದಲ ಮಾದರಿಗಳಲ್ಲಿ 14 ಇಂಚಿಗೆ ಒಂದು ಸುತ್ತಿತ್ತು. ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ ಗುಂಡುಗಳು ತೂರಾಡಿದ್ದರಿಂದ ಅದನ್ನು 12ಕ್ಕೆ ಬಿಗಿ ಮಾಡಬೇಕಾಯಿತು.

ಇಷ್ಟೆಲ್ಲ ಗುಂಡು ಗುರಿ ಮುಟ್ಟುವವರೆಗಿನ ವಿಜ್ಞಾನ. ಮುಟ್ಟಿದ ಮೇಲೆ ಆಗುವುದರ ಬಗ್ಗೆ ಬೇಟೆಗಾರರು ಕಡಿಮೆ ಮಾತಾಡುತ್ತಾರೆ. ಕಯೋಟಿ ಗುಂಡಿನ ತಾಮ್ರದ ಕವಚ ಬೇಕೆಂದೇ ತೆಳ್ಳಗಿರುತ್ತದೆ. ಒಳಗಿನ ಸೀಸ ದೇಹ ಹೊಕ್ಕೊಡನೆ ಚೂರುಚೂರಾಗಿ ಅಲ್ಲೇ ಶಕ್ತಿ ಇಳಿಸಿಬಿಡುತ್ತದೆ. ಪ್ರಾಣಿ ತಕ್ಷಣ ಸಾಯುತ್ತದೆ, ನೆಲಕ್ಕೆ ಬಡಿದ ಗುಂಡು ಪುಟಿದು ದೂರದ ದನಕ್ಕೋ ಮನೆಗೋ ತಗಲುವ ಸಂಭವ ಕಡಿಮೆ. ಎರಡೂ ಒಳ್ಳೆಯ ಗುಣಗಳೇ. ಆದರೆ ಜಿಂಕೆಯಂತೆ ಕಯೋಟಿಯನ್ನು ಯಾರೂ ಅಡುಗೆಮನೆಗೆ ಒಯ್ಯುವುದಿಲ್ಲ. ಚರ್ಮ ಸುಲಿದೋ ಸುಲಿಯದೆಯೋ ಹೆಣವನ್ನು ಬಯಲಲ್ಲೇ ಬಿಡುವುದು ರೂಢಿ. ಆಮೇಲೆ ಗೋಲ್ಡನ್ ಈಗಲ್, ಬಿಳಿತಲೆಯ ಬಾಲ್ಡ್ ಈಗಲ್, ಕಾಗೆಗಳು ಇಳಿಯುತ್ತವೆ. ಮಾಂಸದ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಸೀಸದ ಚೂರುಗಳನ್ನೂ ನುಂಗುತ್ತವೆ. ಮೂಳೆಯನ್ನೇ ಕರಗಿಸುವ ಅವುಗಳ ಜಠರದ ಆಮ್ಲದಲ್ಲಿ ಸೀಸ ಕರಗಿ ರಕ್ತ ಸೇರುತ್ತದೆ, ನರಗಳನ್ನು ಕೆಡಿಸುತ್ತದೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಮೆರಿಕದ 38 ರಾಜ್ಯಗಳ 1,210 ಈಗಲ್‌ಗಳನ್ನು ಪರೀಕ್ಷಿಸಿತು; ಈ ಎರಡೂ ಜಾತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ದೀರ್ಘಕಾಲದ ಸೀಸದ ವಿಷ ಕಂಡಿತು. ಕ್ಯಾಲಿಫೋರ್ನಿಯಾದ ಕಾಂಡರ್ ರಣಹದ್ದು 1982ರಲ್ಲಿ 22ಕ್ಕೆ ಇಳಿದಿತ್ತು. ಸಾಕಿ ಬೆಳೆಸಿ ಮತ್ತೆ ಹೊರಬಿಟ್ಟ ಮೇಲೂ ಅವನ್ನು ಹೆಚ್ಚಾಗಿ ಕೊಲ್ಲುತ್ತಿರುವುದು ಸೀಸವೇ. ರಾಮನಗರದ ಬೆಟ್ಟದ ರಣಹದ್ದುಗಳ ಕಥೆ ಬಲ್ಲ ನಮಗೆ ಇದು ಹೊಸತಲ್ಲ. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಔಷಧಿ ಹೆಣದ ಮೂಲಕ ಭಾರತದ ರಣಹದ್ದುಗಳನ್ನು ಹೇಗೆ ಅಳಿವಿನಂಚಿಗೆ ದೂಡಿತೆಂದು ನೋಡಿದ್ದೇವೆ.

ಸೀಸಕ್ಕೆ ಬದಲಿ ಇದೆ: ಪೂರ್ತಿ ತಾಮ್ರದ ಗುಂಡು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡು ಕಡ್ಡಾಯ. ಸೀಸದ ಸಾಂದ್ರತೆ 11.3, ತಾಮ್ರದ್ದು 8.96. ಹಾಗಾಗಿ ಅದೇ ತೂಕದ ತಾಮ್ರದ ಗುಂಡು ಉದ್ದವಾಗುತ್ತದೆ, ಅದಕ್ಕೆ ಬಿಗಿಯಾದ ಸುರುಳಿ ಬೇಕಾಗುತ್ತದೆ. 12 ಇಂಚಿನ ಸುರುಳಿಯ ಕೋವಿ ಕೊಂಡವರು ಮುಂದೆ ಗಿಡ್ಡ, ಹಗುರದ ತಾಮ್ರದ ಗುಂಡುಗಳಿಗಷ್ಟೇ ಕಟ್ಟುಬೀಳುತ್ತಾರೆ. ಗಟ್ಟಿ ತಾಮ್ರದ ಗುಂಡು ದೇಹದ ಆಚೆ ಹಾದುಹೋಗುವುದೂ ಉಂಟು. ಹಿಂದೆ ಮಣ್ಣಿನ ದಿಬ್ಬವಿಲ್ಲದ ಕಡೆ ಒತ್ತಿ ಕೂಡಿಸಿದ ತಾಮ್ರದ ಪುಡಿಯ ಗುಂಡು ಬಳಸುವುದು ಲೇಸು.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಗೆ ನಿಷೇಧವಿದೆ, ನರಿ ಇಂದು ಅದರ ಮೊದಲ ಅನುಸೂಚಿಯಲ್ಲಿದೆ. ಅಮೆರಿಕದಲ್ಲಿ ನೆಲೆಸಿ, ಪರವಾನಗಿ ಪಡೆದು ಕಯೋಟಿಗೆ ಈಡು ಹೊಡೆಯಲು ಹೊರಡುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ: ಅಂಗಡಿಯಲ್ಲಿ ಕೋವಿ ಕೈಗೆತ್ತಿಕೊಂಡಾಗ ನಳಿಗೆಯ ಸುರುಳಿ ಎಷ್ಟು ಇಂಚಿನದೆಂದು ಮೊದಲು ಕೇಳಿ. .223ರಲ್ಲಿ 8 ಅಥವಾ 9 ಇಂಚಿನದನ್ನೇ ಆರಿಸಿ, ತೋಟಾ ತಾಮ್ರದ್ದನ್ನೇ ಕೊಳ್ಳಿ.