ಛಾಯಾಗ್ರಂಥಾಲಯಗಳು

ಬೆಲೆ ತೆತ್ತಲ್ಲದೆ ಓದಲಾಗದ ಗ್ರಂಥಗಳನ್ನೂ ವಿದ್ವತ್ಪತ್ರಿಕೆಗಳ ಲೇಖನಗಳನ್ನೂ ಪ್ರಕಾಶಕರ ಅನುಮತಿಯಿಲ್ಲದೆಯೇ ಸಂಗ್ರಹಿಸಿ, ಕೇಳಿದವರಿಗೆಲ್ಲ ಉಚಿತವಾಗಿ ಒದಗಿಸುವ ಅಂತರ್ಜಾಲದ ಭಂಡಾರಗಳಿಗೆ ಛಾಯಾಗ್ರಂಥಾಲಯಗಳೆಂಬ ಹೆಸರು ಸಂದಿದೆ. ಅವುಗಳಲ್ಲಿ ರಷ್ಯದಲ್ಲಿ ಹುಟ್ಟಿದ ಲೈಬ್ರರಿ ಜೆನೆಸಿಸ್ ಪುಸ್ತಕಗಳಿಗೂ ಸೈ-ಹಬ್ ವಿಜ್ಞಾನಲೇಖನಗಳಿಗೂ ಹೆಸರಾದುವು. ಸೋವಿಯತ್ ಆಳ್ವಿಕೆಯಲ್ಲಿ ನಿಷಿದ್ಧ ಕೃತಿಗಳನ್ನು ಬೆರಳಚ್ಚು ಮಾಡಿ ಗುಟ್ಟಾಗಿ ಹಂಚಿಕೊಳ್ಳುತ್ತಿದ್ದ ಓದುಗರ ನಾಡಿನಲ್ಲಿಯೇ ಮೊದಲನೆಯದು ಉದಿಸಿದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಒಂದೊಂದು ಲೇಖನಕ್ಕೂ 30 ಡಾಲರುಗಳಷ್ಟು ಬೆಲೆ ತೆರಲಾರದ ವಿದ್ಯಾರ್ಥಿಗಳ ಕಷ್ಟವನ್ನು ಸ್ವತಃ ಅನುಭವಿಸಿದ ಕಜಾಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಸೈ-ಹಬ್ಬನ್ನು ಸ್ಥಾಪಿಸಿದರು. ಲೇಖನದ ಗುರುತುಸಂಖ್ಯೆಯನ್ನು ಕೊಟ್ಟರೆ ಸಾಕು, ಚಂದಾ ತೆತ್ತಿರುವ ಯಾವುದೋ ವಿಶ್ವವಿದ್ಯಾನಿಲಯದ ಪಾಸ್‌ವರ್ಡಿನ ಮೂಲಕ ಅದನ್ನು ತಂದುಕೊಟ್ಟು, ಒಂದು ಪ್ರತಿಯನ್ನು ಅದು ತನ್ನಲ್ಲಿಯೂ ಉಳಿಸಿಕೊಳ್ಳುತ್ತಿತ್ತು. ಹೀಗೆ ಕೂಡಿದ ಲೇಖನಗಳು 8 ಕೋಟಿಯನ್ನು ಮೀರಿದುವು. ಎಲ್ಸೆವಿಯರ್ ಪ್ರಕಾಶನಕ್ಕೆ ಒಂದೂವರೆ ಕೋಟಿ ಡಾಲರ್ ಪರಿಹಾರ ಸಲ್ಲಬೇಕೆಂದು ನ್ಯೂಯಾರ್ಕಿನ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು. 2020ರಲ್ಲಿ ವ್ಯಾಜ್ಯವು ದೆಹಲಿಯ ಉಚ್ಚ ನ್ಯಾಯಾಲಯಕ್ಕೂ ಬಂದಿತು.

ಕಾನೂನಿನ ದೃಷ್ಟಿಯಿಂದ ಇದು ಅತಿಕ್ರಮವೆಂಬುದರಲ್ಲಿ ಸಂಶಯವಿಲ್ಲ. ಆದರೆ ಲೇಖನವನ್ನು ಬರೆದ ವಿದ್ವಾಂಸನಿಗೆ ಪತ್ರಿಕೆಯಿಂದ ಸಂಭಾವನೆಯಿಲ್ಲ, ಅದನ್ನು ಪರಿಶೀಲಿಸಿ ಒಪ್ಪಿದವನಿಗೂ ಸಾಮಾನ್ಯವಾಗಿ ಇಲ್ಲ, ಸಂಶೋಧನೆಯ ವೆಚ್ಚವೋ ಬಹುಪಾಲು ಪ್ರಜೆಗಳ ತೆರಿಗೆಯದು. ಹೀಗಿರುವಾಗ ಆ ಪ್ರಜೆಗಳೇ ಅದನ್ನು ಓದಲು ಪುನಃ ಹಣ ತೆರಬೇಕೆಂಬ ವ್ಯವಸ್ಥೆಯನ್ನು ನ್ಯಾಯವೆಂದು ನಾನು ಒಪ್ಪಲಾರೆ. ಪುಸ್ತಕದ ಮಾತು ಬೇರೆ. ಗೌರವಧನವನ್ನೇ ನೆಚ್ಚಿದ ಕಾದಂಬರಿಕಾರನ ಕೃತಿಯನ್ನು ಹೀಗೆ ಪಡೆಯುವುದು ಅವನ ಅನ್ನಕ್ಕೆ ಕೈಯಿಕ್ಕಿದಂತೆ. ನಮ್ಮ ಕಾನೂನಿನಂತೆ ಲೇಖಕನು ಗತಿಸಿದ ವರ್ಷದ ತರುವಾಯ 60 ವರ್ಷಗಳು ಕಳೆದರೆ, ಅವನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯು ಸರ್ವರ ಸ್ವತ್ತಾಗುತ್ತದೆ: 1946ರಲ್ಲಿ ಗತಿಸಿದ ಬಿ.ಎಂ.ಶ್ರೀಯವರ ಅಂತಹ ಕೃತಿಗಳು ಈಗ ಎಲ್ಲರವು. 1975ರಲ್ಲಿ ತೀರಿಕೊಂಡ ಡಿ.ವಿ.ಜಿ.ಯವರವು 2035 ಮುಗಿಯುವ ತನಕ ಹಕ್ಕುದಾರರವು. ಮುಕ್ತವಾದ ಹಳೆಯ ಗ್ರಂಥಗಳನ್ನು ಅರಸುವವರು ಮೊದಲು ಇಂಟರ್ನೆಟ್ ಆರ್ಕೈವನ್ನು ನೋಡುವುದು ಲೇಸು. ಅಲ್ಲಿ ಕನ್ನಡದ ಪುಸ್ತಕಗಳೂ ಹೇರಳವಾಗಿವೆ.

ಕೇಂದ್ರ ಸರ್ಕಾರವು 6,000 ಕೋಟಿ ರೂಪಾಯಿಗಳ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರಲ್ಲಿ ಸಮ್ಮತಿಯಿತ್ತು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ದೊರಕಿಸಿರುವುದು ಸಂತೋಷದ ಸಂಗತಿ. ಆದರೆ ನಿವೃತ್ತರಾದ ಉಪಾಧ್ಯಾಯರೂ, ಯಾವ ಸಂಸ್ಥೆಗೂ ಸೇರದೆ ಸ್ವಂತ ಆಸಕ್ತಿಯಿಂದ ಅಧ್ಯಯನ ನಡೆಸುವವರೂ ಅದರ ಹೊರಗೇ ಉಳಿದಿದ್ದಾರೆ. ಜಿಲ್ಲಾ ಕೇಂದ್ರದ ಸಾರ್ವಜನಿಕ ಗ್ರಂಥಾಲಯಗಳಿಗೂ ಈ ಚಂದಾ ವಿಸ್ತರಿಸಿದರೆ ಅವರು ಛಾಯಾಗ್ರಂಥಾಲಯವನ್ನು ಆಶ್ರಯಿಸಬೇಕಾಗುವುದಿಲ್ಲ.