ಎರಡನೆಯ ಬಾಣ

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ, ನಿರೀಕ್ಷಿಸಿದ್ದಕ್ಕಿಂತ ಹತ್ತು ಅಂಕ ಕಡಮೆ ಬಂದಿರುವುದನ್ನು ಕಂಡ ವಿದ್ಯಾರ್ಥಿಯ ಎದೆ ಧಸಕ್ಕೆನ್ನುವುದು ಸಹಜ. ಆ ನೋವು ನಿಜವಾದುದು. ಅದಕ್ಕೆ ಕಾರಣವೂ ಉಂಟು. ಆದರೆ ಅಂಕಪಟ್ಟಿಯನ್ನು ಮಡಿಸಿಟ್ಟ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ‘ಮನೆಯಲ್ಲಿ ಏನೆಂದಾರು? ಗೆಳೆಯನಿಗೆ ಹೆಚ್ಚು ಬಂದಿತಲ್ಲ! ನನ್ನ ಹಣೆಯಬರಹವೇ ಇಷ್ಟು’ ಎಂಬ ಯೋಚನೆಗಳು ಒಂದರ ಬೆನ್ನಿಗೊಂದು ಬಂದು ಊಟದ ರುಚಿಯನ್ನೂ ರಾತ್ರಿಯ ನಿದ್ರೆಯನ್ನೂ ಕೆಡಿಸುವುವು. ಅಂಕ ಕಡಮೆಯಾದುದು ಒಂದು ಸಲ. ಅದಕ್ಕಾಗಿ ನಾವು ದುಃಖಪಡುವುದು ನೂರು ಸಲ. ಈ ನೂರರಲ್ಲಿ ಘಟನೆಯ ಪಾಲೆಷ್ಟು, ಮನಸ್ಸಿನ ಪಾಲೆಷ್ಟು? ಅವೆರಡನ್ನೂ ಬೇರ್ಪಡಿಸಲು ಸಾಧ್ಯವೆ?

ಈ ಪ್ರಶ್ನೆ ಬಹು ಹಳೆಯದು. ಬೌದ್ಧರ ಪಾಲಿ ಗ್ರಂಥಗಳಲ್ಲೊಂದಾದ ಸಂಯುತ್ತನಿಕಾಯದಲ್ಲಿ ‘ಸಲ್ಲ ಸುತ್ತ’ ಎಂಬ ಕಿರಿಯ ಉಪದೇಶವೊಂದಿದೆ. ‘ಸಲ್ಲ’ ಎಂಬುದು ಸಂಸ್ಕೃತದ ‘ಶಲ್ಯ’, ಅಂದರೆ ಬಾಣ. ಅದರ ಸಾರವಿಷ್ಟು: ಸಾಮಾನ್ಯ ಮನುಷ್ಯನಿಗೂ ನೋವು ಬರುವುದು, ತಿಳಿದವನಿಗೂ ನೋವು ಬರುವುದು. ಸಾಮಾನ್ಯನಾದರೋ ಆ ನೋವಿಗಾಗಿ ಹಲುಬಿ ಕೊರಗುವನು. ಒಂದು ಬಾಣ ನಾಟಿದೊಡನೆ ಎರಡನೆಯದನ್ನೂ ನಾಟಿಸಿಕೊಂಡವನಂತೆ ಆಗುವನು. ತಿಳಿದವನಿಗೆ ಮೊದಲನೆಯ ಬಾಣದ ನೋವು ಮಾತ್ರ. ಗಾಯದ ಮೇಲೆ ಬರೆ ಎಳೆದುಕೊಳ್ಳಬಾರದೆಂಬ ನಮ್ಮ ಜನರ ಮಾತಿನಲ್ಲಿಯೂ ಇದೇ ತಿಳಿವಳಿಕೆ ಅಡಗಿದೆ.

ಈ ಎರಡನೆಯ ಬಾಣದಿಂದ ತಪ್ಪಿಸಿಕೊಳ್ಳಲು ಬೌದ್ಧರು ಹೇಳಿದ ಸಾಧನ ‘ಸತಿ’. ಸಂಸ್ಕೃತದಲ್ಲಿ ಇದು ‘ಸ್ಮೃತಿ’. ಇಲ್ಲಿ ಈ ಪದಕ್ಕೆ ಹಳೆಯದನ್ನು ಜ್ಞಾಪಿಸಿಕೊಳ್ಳುವುದೆಂಬ ಅರ್ಥಕ್ಕಿಂತಲೂ, ಈ ಕ್ಷಣದಲ್ಲಿ ಏನಾಗುತ್ತಿದೆಯೋ ಅದನ್ನು ಮರೆಯದೆ ಎಚ್ಚರದಿಂದಿರುವುದು ಎಂಬ ಅರ್ಥವೇ ಮುಖ್ಯ. ಮಜ್ಝಿಮನಿಕಾಯದ ಸತಿಪಟ್ಠಾನ ಸುತ್ತದಲ್ಲಿ ಈ ಎಚ್ಚರಕ್ಕೆ ನಾಲ್ಕು ನೆಲೆಗಳನ್ನು ಹೇಳಿದೆ: ದೇಹ, ವೇದನೆ, ಚಿತ್ತ, ಮತ್ತು ಧಮ್ಮ. ಕನ್ನಡದಲ್ಲಿ ‘ವೇದನೆ’ ಎಂದರೆ ನೋವು. ಪಾಲಿಯಲ್ಲಾದರೋ ಅದು ಯಾವುದೇ ಅನುಭವದ ಹಿತ, ಅಹಿತ ಅಥವಾ ಎರಡೂ ಅಲ್ಲದ ಗುಣ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ‘ಇದು ಅಹಿತ’ ಎಂದು ಗುರುತಿಸುವುದೇ ಒಂದು ಕೆಲಸ. ಅದರ ಮೇಲೆ ಕಥೆ ಕಟ್ಟುವುದು ಮತ್ತೊಂದು ಕೆಲಸ.

ಬರಿಯ ಎಚ್ಚರದಿಂದ ದುಃಖ ಕಡಮೆಯಾಗುವುದು ಹೇಗೆ? ಭೌತವಿಜ್ಞಾನದ ಒಂದು ಪರಿಚಿತ ದೃಷ್ಟಾಂತವನ್ನು ನೋಡೋಣ. ಉಯ್ಯಾಲೆಯೊಂದನ್ನು ಒಮ್ಮೆ ತಳ್ಳಿ ಬಿಟ್ಟರೆ ಅದು ಕೆಲವು ಸಲ ತೂಗಿ ತಾನಾಗಿಯೇ ನಿಲ್ಲುವುದು. ಗಾಳಿಯ ತಡೆಯೂ ಕೊಂಡಿಗಳ ಘರ್ಷಣೆಯೂ ಅದರ ಶಕ್ತಿಯನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುವುವು. ಆದರೆ ಅದು ಹಿಂದಕ್ಕೆ ಬಂದಾಗಲೆಲ್ಲ, ಸರಿಯಾದ ಕ್ಷಣದಲ್ಲಿ, ಬೆರಳಿನಿಂದ ಮೆತ್ತಗೆ ನೂಕುತ್ತಿದ್ದರೂ ಸಾಕು. ಅದರ ತೂಗಾಟ ಬೆಳೆಯುತ್ತ ಹೋಗುವುದು. ಇದನ್ನೇ ಅನುರಣನ ಎನ್ನುವರು. ಅಂಕ ಕಡಮೆಯಾದುದು ಮೊದಲನೆಯ ನೂಕು. ಆಮೇಲೆ ಬರುವ ಒಂದೊಂದು ಯೋಚನೆಯೂ ಬೆರಳಿನ ಒಂದೊಂದು ನೂಕು. ಉಯ್ಯಾಲೆಯನ್ನು ನಿಲ್ಲಿಸಲೆಂದು ಅಡ್ಡ ನಿಂತು ಬಲವಾಗಿ ಹಿಡಿದರೆ ನಮಗೇ ಪೆಟ್ಟಾದೀತು; ದುಃಖವನ್ನು ಒತ್ತಾಯದಿಂದ ಅದುಮಿಡುವುದೂ ಅಂತಹುದೇ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ನೋಡುತ್ತಿದ್ದರೆ ಸಾಕು. ‘ಸತಿ’ ಎಂದರೆ ಹೀಗೆ ಕೈ ತೆಗೆಯುವ ಅಭ್ಯಾಸ.

ಉಪಮೆಯಿಂದ ವಿಷಯ ತಿಳಿದೀತು, ಆದರೆ ಅದು ಸಾಕ್ಷ್ಯವಾಗದು. ಆದುದರಿಂದ ಅಳತೆಗಳ ಕಡೆಗೆ ತಿರುಗಬೇಕು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಮನೋವಿಜ್ಞಾನಿಗಳು 2010ರಲ್ಲಿ ಒಂದು ಶೋಧನೆಯನ್ನು ಪ್ರಕಟಿಸಿದರು. 2250 ಮಂದಿ ವಯಸ್ಕರಿಗೆ ದಿನದ ಯಾವುದಾದರೊಂದು ಹೊತ್ತಿನಲ್ಲಿ, ಮುನ್ಸೂಚನೆಯಿಲ್ಲದೆ, ಮೊಬೈಲ್ ಫೋನಿನ ಮೂಲಕ ಪ್ರಶ್ನೆಗಳು ಬರುತ್ತಿದ್ದುವು: ಈಗ ನಿಮಗೆ ಹೇಗೆನಿಸುತ್ತಿದೆ? ಏನು ಮಾಡುತ್ತಿದ್ದೀರಿ? ಮಾಡುತ್ತಿರುವುದನ್ನು ಬಿಟ್ಟು ಬೇರೇನನ್ನಾದರೂ ಯೋಚಿಸುತ್ತಿದ್ದೀರಾ? ಬಂದ ಉತ್ತರಗಳಲ್ಲಿ ಶೇಕಡ 46.9ರಲ್ಲಿ ಮನಸ್ಸು ಬೇರೆಡೆ ಅಲೆಯುತ್ತಿತ್ತು! ಹಾಗೆ ಅಲೆಯುತ್ತಿದ್ದಾಗ ಜನರ ಸಂತೋಷವೂ ಕಡಮೆಯಾಗಿತ್ತು. ಹಿತವಾದ ವಿಷಯವನ್ನೇ ಕುರಿತು ಕನಸು ಕಾಣುತ್ತಿದ್ದವರು ಕೂಡ, ಕೈಯಲ್ಲಿದ್ದ ಕೆಲಸದಲ್ಲಿ ಮಗ್ನರಾಗಿದ್ದವರಿಗಿಂತ ಹೆಚ್ಚು ಸುಖಿಗಳಾಗಿರಲಿಲ್ಲ. ಏನು ಮಾಡುತ್ತಿದ್ದರೆಂಬುದಕ್ಕಿಂತ, ಅದರಲ್ಲಿ ಮನಸ್ಸಿತ್ತೋ ಇಲ್ಲವೋ ಎಂಬುದೇ ಅವರ ಸಂತೋಷವನ್ನು ಹೆಚ್ಚು ಚೆನ್ನಾಗಿ ಸೂಚಿಸುತ್ತಿತ್ತು.

ಎರಡನೆಯ ಶೋಧನೆ ನಮ್ಮ ಮೊದಲ ಪ್ರಶ್ನೆಗೆ ಇನ್ನೂ ಹತ್ತಿರದ್ದು. ನೋವಿನಲ್ಲಿ ಎರಡು ಅಂಶಗಳುಂಟು: ಅದರ ತೀವ್ರತೆ ಒಂದು, ಅದರ ಅಹಿತ ಮತ್ತೊಂದು. ಮದುವೆಮನೆಯ ವಾಲಗವನ್ನು ನೆನೆಯಿರಿ. ಮದುವೆಗೆ ಬಂದವರಿಗೂ, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗನಿಗೂ ಕೇಳುವ ಸದ್ದು ಹೆಚ್ಚುಕಡಮೆ ಒಂದೇ. ಆದರೆ ಒಬ್ಬರಿಗೆ ಅದು ಹಬ್ಬ, ಇನ್ನೊಬ್ಬನಿಗೆ ಹಿಂಸೆ. 2011ರಲ್ಲಿ ಫಾಡೆಲ್ ಝೈದಾನ್ ಮತ್ತು ಅವರ ಸಂಗಡಿಗರು 15 ಮಂದಿ ಆರೋಗ್ಯವಂತರಿಗೆ ನಾಲ್ಕು ದಿನ ಉಸಿರನ್ನು ಗಮನಿಸುವ ಅಭ್ಯಾಸ ಮಾಡಿಸಿ, ಅವರ ಕಾಲಿನ ಚರ್ಮಕ್ಕೆ 49 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿಸಿ ಪರೀಕ್ಷಿಸಿದರು. ಸುಮ್ಮನಿದ್ದಾಗಿನದಕ್ಕೆ ಹೋಲಿಸಿದರೆ, ಧ್ಯಾನದಲ್ಲಿದ್ದಾಗ ನೋವಿನ ತೀವ್ರತೆ ಶೇಕಡ 40ರಷ್ಟೂ ಅದರ ಅಹಿತ ಶೇಕಡ 57ರಷ್ಟೂ ಇಳಿದಿದ್ದುವು. ಬಿಸಿ ಅದೇ, ಚರ್ಮವೂ ಅದೇ. ಅಹಿತವು ಮಾತ್ರ ತೀವ್ರತೆಗಿಂತ ಹೆಚ್ಚಾಗಿ ಇಳಿಯಿತು. ಹದಿನೈದು ಮಂದಿ ಚಿಕ್ಕ ಸಂಖ್ಯೆಯೇ ಸರಿ. ಆದರೂ ಬಾಣಗಳು ಎರಡೆಂಬ ಹಳೆಯ ಮಾತನ್ನು ಪ್ರಯೋಗಶಾಲೆಯಲ್ಲಿ ಅಳೆದು ನೋಡಬಹುದೆಂಬುದು ಇದರಿಂದ ಸ್ಪಷ್ಟವಾಗುವುದು.

ಈ ವಿದ್ಯೆ ವೈದ್ಯರ ಅಂಗಳಕ್ಕೆ ಬಂದುದು ಇದಕ್ಕೂ ಮೊದಲೇ. 1979ರಲ್ಲಿ ಜಾನ್ ಕಬಟ್-ಝಿನ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜಿನಲ್ಲಿ, ಬಹುಕಾಲದ ನೋವಿನಿಂದ ಬಳಲುತ್ತಿದ್ದವರಿಗೆ ಇದನ್ನು ಕಲಿಸತೊಡಗಿದರು. ಅಲ್ಲಿ ರೂಪುಗೊಂಡ ಎಂಟು ವಾರಗಳ ಶಿಕ್ಷಣಕ್ರಮ ಆಮೇಲೆ ಅನೇಕ ದೇಶಗಳಿಗೆ ಹರಡಿತು. ಇಂತಹ ಧ್ಯಾನಕ್ರಮಗಳನ್ನು ಕುರಿತ 47 ಪ್ರಯೋಗಗಳನ್ನು, ಒಟ್ಟು 3515 ಮಂದಿಯ ವಿವರಗಳೊಡನೆ, 2014ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಲಾಯಿತು. ಆತಂಕ, ಖಿನ್ನತೆ, ನೋವು, ಈ ಮೂರೂ ತಕ್ಕಮಟ್ಟಿಗೆ ಇಳಿಯುವುವೆಂದು ತಿಳಿದುಬಂದಿತು. ಆದರೆ ಔಷಧಿ, ವ್ಯಾಯಾಮ ಮುಂತಾದುವುಗಳಿಗಿಂತ ಇದು ಮೇಲೆಂಬುದಕ್ಕೆ ಆಧಾರ ಸಿಕ್ಕಲಿಲ್ಲ. ಉಲ್ಲಾಸ ಹೆಚ್ಚುವುದೆಂಬುದಕ್ಕೂ ಸಾಕಷ್ಟು ಆಧಾರ ದೊರೆಯಲಿಲ್ಲ. ಅಂದರೆ, ಈ ಅಭ್ಯಾಸ ಹೊಸ ಸುಖವನ್ನು ತಂದು ಸುರಿಯುವ ಮಂತ್ರವಲ್ಲ. ಅನಾವಶ್ಯಕವಾದ ದುಃಖವನ್ನು ಕಳೆಯುವ ಉಪಾಯ. ಕೂಡುವ ಲೆಕ್ಕವಲ್ಲ, ಕಳೆಯುವ ಲೆಕ್ಕ.

ಇನ್ನೊಂದು ಎಚ್ಚರಿಕೆ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದುದು. ಬ್ರಿಟನ್ನಿನಲ್ಲಿ 8000ಕ್ಕೂ ಹೆಚ್ಚು ಶಾಲಾಮಕ್ಕಳನ್ನೊಳಗೊಂಡ ಒಂದು ದೊಡ್ಡ ಪ್ರಯೋಗದ ಫಲ 2022ರಲ್ಲಿ ಪ್ರಕಟವಾಯಿತು. ಇದನ್ನು ತರಗತಿಯ ಪಾಠವಾಗಿ ಕಲಿಸಿದ ಶಾಲೆಗಳ ಮಕ್ಕಳಿಗೆ ಉಳಿದವರಿಗಿಂತ ಹೆಚ್ಚಿನ ಪ್ರಯೋಜನವೇನೂ ಆಗಿರಲಿಲ್ಲ. ಆ ಮಕ್ಕಳಲ್ಲಿ ಬಹು ಮಂದಿ ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಈಜುವುದನ್ನು ಕುರಿತ ಪಾಠ ಕೇಳಿದವನಿಗೆ ಈಜು ಬಾರದು. ಇಷ್ಟವಿಲ್ಲದವನನ್ನು ನೀರಿಗೆ ತಳ್ಳುವುದೂ ಸರಿಯಲ್ಲ.

ಪರೀಕ್ಷಿಸಿ ನೋಡಬೇಕೆಂಬ ಮನಸ್ಸುಳ್ಳವರಿಗೆ ಉಪಕರಣವೇನೂ ಬೇಕಿಲ್ಲ. ಹತ್ತು ನಿಮಿಷ ಬೆನ್ನು ನೆಟ್ಟಗಿರಿಸಿ ಕುಳಿತುಕೊಳ್ಳಿ. ಮೂಗಿನ ಹೊಳ್ಳೆಗಳಲ್ಲಿ ಉಸಿರು ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಗಮನಿಸಿ. ಉಸಿರನ್ನು ತಿದ್ದಬೇಡಿ. ಒಂದೆರಡು ನಿಮಿಷಗಳಲ್ಲಿಯೇ ಮನಸ್ಸು ಎಲ್ಲಿಯೋ ಓಡಿಹೋಗಿರುವುದು. ಹಾಗಾಯಿತೆಂದು ಬೇಸರಪಟ್ಟರೆ ಅದೂ ಒಂದು ಎರಡನೆಯ ಬಾಣವೇ. ‘ಯೋಚನೆ ಬಂದಿತು’ ಎಂದು ಗುರುತಿಸಿ ಮತ್ತೆ ಉಸಿರಿಗೆ ಮರಳಿ. ಹೀಗೆ ಮರಳುವುದೇ ಅಭ್ಯಾಸದ ತಿರುಳು. ಊಟದ ಮೊದಲ ಐದು ತುತ್ತುಗಳನ್ನು ರುಚಿ ನೋಡುತ್ತ ಉಣ್ಣುವುದು, ಬಸ್ ನಿಲ್ದಾಣಕ್ಕೆ ನಡೆಯುವಾಗ ಅಂಗಾಲು ನೆಲಕ್ಕೆ ತಾಗುವುದನ್ನು ಅರಿಯುವುದು, ಪ್ರಶ್ನಪತ್ರಿಕೆಯನ್ನು ತೆರೆಯುವ ಮುನ್ನ ಮೂರು ಉಸಿರುಗಳನ್ನು ಎಣಿಸುವುದು, ಇವೂ ಇದೇ ವಿದ್ಯೆಯ ಚಿಕ್ಕ ಪಾಠಗಳು.

ಮೊದಲನೆಯ ಬಾಣವನ್ನು ಸಹಿಸಿಕೊಂಡು ಸುಮ್ಮನಿರಬೇಕೆಂದು ಇದರ ಅರ್ಥವಲ್ಲ. ಅಂಕ ತಪ್ಪಾಗಿ ಕೂಡಿದ್ದರೆ ಮರುಎಣಿಕೆಗೆ ಅರ್ಜಿ ಹಾಕಬೇಕು. ಓದು ಸಾಲದಿದ್ದರೆ ಓದಬೇಕು. ಅನ್ಯಾಯವಾಗಿದ್ದರೆ ಅದನ್ನು ಎದುರಿಸಬೇಕು. ವಾರಗಟ್ಟಲೆ ನಿದ್ರೆ ಬಾರದೆ, ಬದುಕೇ ಬೇಡವೆನಿಸುವಂತಿದ್ದರೆ, ಧ್ಯಾನವನ್ನು ನೆಚ್ಚಿ ಕೂಡದೆ ನಂಬಿಕೆಯ ಹಿರಿಯರಿಗೆ ತಿಳಿಸಿ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಬಾಣ ನಾಟಿದ ಕಾಲಿಗೆ ಚಿಕಿತ್ಸೆ ಬೇಕೇ ಬೇಕು.

ಆದರೆ ಎರಡನೆಯ ಬಾಣವನ್ನು ತಡೆದವನಿಗೆ ಮೊದಲನೆಯದನ್ನು ಕೀಳಲು ಎರಡು ಕೈಗಳೂ ಬಿಡುವಾಗಿರುವುವು. ಹತ್ತು ಅಂಕ ಕಳೆದುಕೊಂಡ ವಿದ್ಯಾರ್ಥಿ ಆ ರಾತ್ರಿ ಚೆನ್ನಾಗಿ ನಿದ್ರೆಮಾಡಿ, ಬೆಳಗ್ಗೆ ಎದ್ದು ಪುಸ್ತಕ ತೆರೆಯಬಲ್ಲವನಾದರೆ, ದಿನನಿತ್ಯದ ಸುಖವೆಂಬುದರಲ್ಲಿ ಬಹುಪಾಲು ಅವನಿಗೆ ದೊರೆತಂತೆಯೇ ಸರಿ.